ಸೆಲ್ ನುಂಗುವ ಕಾರ್ ಕೀ

ಕಾರಿನ ರಿಮೋಟ್ ಕೀಗೆ ಸೆಲ್ ಹಾಕಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ವಾಚ್ ಅಂಗಡಿಗೆ ಹೋದರೆ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆದರೆ ಎರಡು ತಿಂಗಳಿಗೊಮ್ಮೆ ಅದೇ ಅಂಗಡಿಯ ಮೆಟ್ಟಿಲು ಹತ್ತಬೇಕಾಗಿ ಬಂದರೆ? ಎರಡನೇ ಸಲ ಹೋದಾಗ ಅಂಗಡಿಯವರು ‘ಈ ಸಲ ಒಳ್ಳೇ ಕಂಪನಿದು ಹಾಕ್ತೀನಿ ಬಿಡಿ ಸಾರ್’ ಅನ್ನುತ್ತಾರೆ. ಅದೂ ಎರಡೇ ತಿಂಗಳು. ಮೂರನೇ ಸಲ ‘ಕೀನೇ ಹೋಗಿರ್ಬೇಕು, ಹೊಸದು ಮಾಡಿಸಿಬಿಡಿ’ ಅನ್ನುತ್ತಾರೆ. ಹೊಸ ಸ್ಮಾರ್ಟ್ ಕೀ ಅಂದರೆ ಸಾವಿರಗಳ ಮಾತು. ಸೆಲ್ಲಿನ ಖರ್ಚಿನಿಂದ ಕೀಯ ಖರ್ಚಿಗೆ ಹೀಗೆ ಒಮ್ಮೆಲೇ ಜಿಗಿಯುವ ಮೊದಲು ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳಿವೆ.

ಸೆಲ್ ಬೇಗ ಬರಿದಾಗುತ್ತಿದ್ದರೆ ತಪ್ಪು ಇರುವುದು ಮೂರರಲ್ಲಿ ಒಂದು ಕಡೆ. ಒಂದು, ಸೆಲ್ಲೇ ಸರಿಯಿಲ್ಲ. ಎರಡು, ಕೀಯ ಒಳಗೆ ಎಲ್ಲೋ ಕರೆಂಟು ಸೋರುತ್ತಿದೆ. ಮೂರು, ನೀವು ಕೀ ಇಡುವ ಜಾಗ ಸರಿಯಿಲ್ಲ. ಮೂರನೆಯದನ್ನು ಕೇಳಿ ಕೆಲವರಿಗೆ ನಗು ಬರಬಹುದು. ಆದರೆ ಮನೆಯಲ್ಲೇ ಸುಲಭವಾಗಿ ಪರೀಕ್ಷಿಸಬಹುದಾದದ್ದು ಅದೇ. ಹೊಸ ಸೆಲ್ ಹಾಕುವುದರಿಂದ ಈ ಮೂರರಲ್ಲಿ ಯಾವುದೆಂದು ತಿಳಿಯುವುದಿಲ್ಲ. ಬೇರ್ಪಡಿಸಿ ನೋಡಬೇಕು.

ಮೊದಲು ಆ ಸೆಲ್ಲನ್ನೇ ಕೈಗೆತ್ತಿಕೊಳ್ಳೋಣ. ನಾಣ್ಯದಂತೆ ದುಂಡಗಿರುವ ಅದರ ಬೆನ್ನ ಮೇಲೆ ‘ಸಿಆರ್ 2032’ ಅಂತಲೋ ‘ಸಿಆರ್ 2025’ ಅಂತಲೋ ಬರೆದಿರುತ್ತದೆ. ‘ಸಿ’ ಅಂದರೆ ಅದು ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಬಳಸಿದ ಸೆಲ್. ‘ಆರ್’ ಅಂದರೆ ದುಂಡನೆಯದು. 20 ಅಂದರೆ 20 ಮಿಲಿಮೀಟರ್ ಅಗಲ, 32 ಅಂದರೆ 3.2 ಮಿಲಿಮೀಟರ್ ದಪ್ಪ. 2025 ಎಂಬುದು ಅಷ್ಟೇ ಅಗಲದ, 2.5 ಮಿಲಿಮೀಟರ್ ದಪ್ಪದ ಸೆಲ್. ಎರಡೂ 3 ವೋಲ್ಟಿನವೇ. ಆದರೆ ಒಳಗಿನ ಸರಕು ಬೇರೆ: 2032ರಲ್ಲಿ ಸುಮಾರು 220 ಮಿಲಿಆಂಪಿಯರ್-ಅವರ್ ಇದ್ದರೆ 2025ರಲ್ಲಿ ಸುಮಾರು 160, ತೆಳುವಾದ 2016ರಲ್ಲಿ ಸುಮಾರು 90. ‘ಇದೂ ಆಗುತ್ತೆ ಸಾರ್’ ಎಂದು 2032ರ ಜಾಗಕ್ಕೆ 2025 ಹಾಕಿಕೊಟ್ಟರೆ ಆಯಸ್ಸಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಅಲ್ಲಿಗೇ ಹೋಯಿತು. ಸಾಲದ್ದಕ್ಕೆ ಸೆಲ್ ಒಳಗೆ ಸಡಿಲವಾಗಿ ಕೂತು, ಸಂಪರ್ಕ ಆಗಾಗ ತಪ್ಪುತ್ತಿರುತ್ತದೆ.

ಇನ್ನೊಂದು ಎಚ್ಚರಿಕೆ. ಎಲ್‌ಐಆರ್ 2032 ಅಂತ ಅದೇ ಗಾತ್ರದ ರೀಚಾರ್ಜ್ ಸೆಲ್ ಸಿಗುತ್ತದೆ. ‘ಮತ್ತೆ ಮತ್ತೆ ಚಾರ್ಜ್ ಮಾಡಿಕೊಳ್ಳಬಹುದಲ್ಲ’ ಎಂಬ ಆಸೆಗೆ ಅದನ್ನು ಹಾಕಬೇಡಿ. ಪೂರ್ತಿ ಚಾರ್ಜ್ ಆದಾಗ ಅದು 4.2 ವೋಲ್ಟ್ ಕೊಡುತ್ತದೆ. 3 ವೋಲ್ಟಿಗೆಂದು ಮಾಡಿದ ಕೀ ಸುಟ್ಟುಹೋದೀತು.

ಹಾಗಾದರೆ ಬೇಗ ಅಂದರೆ ಎಷ್ಟು ಬೇಗ? ಗುಂಡಿ ಒತ್ತಿದರೆ ಮಾತ್ರ ಕೆಲಸ ಮಾಡುವ ಹಳೆಯ ಬಗೆಯ ರಿಮೋಟ್‌ಗೆ ಒಂದು ಸೆಲ್ ಮೂರು ನಾಲ್ಕು ವರ್ಷ ಬಂದರೂ ಆಶ್ಚರ್ಯವಿಲ್ಲ. ಜೇಬಿನಲ್ಲಿ ಇಟ್ಟುಕೊಂಡೇ ಬಾಗಿಲು ತೆಗೆಯುವ, ಗುಂಡಿ ಒತ್ತಿ ಎಂಜಿನ್ ಸ್ಟಾರ್ಟ್ ಮಾಡುವ ಸ್ಮಾರ್ಟ್ ಕೀಗೆ ಒಂದರಿಂದ ಎರಡು ವರ್ಷ ಸಹಜ. ಹತ್ತು ತಿಂಗಳಿಗೆ ಮುಗಿದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಮೂರು ತಿಂಗಳಿಗೇ ಮುಗಿದರೆ ವಿಚಾರಿಸಬೇಕು. ಅದಕ್ಕೇ ಸೆಲ್ ಹಾಕಿದ ದಿನ ಒಂದು ಚೂರು ಅಂಟುಪಟ್ಟಿಯ ಮೇಲೆ ತಾರೀಕು ಬರೆದು ಕೀಯ ಮುಚ್ಚಳದ ಒಳಗೆ ಅಂಟಿಸಿಬಿಡಿ. ‘ಮೊನ್ನೆ ಮೊನ್ನೆ ಹಾಕಿಸಿದ್ದೆ’ ಎನ್ನುವ ಸೆಲ್ ಎಷ್ಟೋ ಸಲ ಹೋದ ವರ್ಷದ ದಸರೆಯದಾಗಿರುತ್ತದೆ.

ಇಲ್ಲೊಂದು ಸಣ್ಣ ಲೆಕ್ಕ ಹಾಕೋಣ. ಮುಂದೆ ಅದರ ಉಪಯೋಗವಿದೆ. 220 ಮಿಲಿಆಂಪಿಯರ್-ಅವರ್ ಅಂದರೆ ಒಂದೇ ಸಮನೆ ಒಂದು ಮಿಲಿಆಂಪಿಯರ್‌ನಂತೆ ಖರ್ಚು ಮಾಡಿದರೆ 220 ಗಂಟೆ, ಅಂದರೆ ಒಂಬತ್ತು ದಿನ ಚಿಲ್ಲರೆ ಬಾಳುತ್ತದೆ. ಎರಡು ವರ್ಷ ಬಾಳಬೇಕಾದರೆ ಕೀ ಸರಾಸರಿ ಹನ್ನೆರಡು ಮೈಕ್ರೊಆಂಪಿಯರ್‌ನಲ್ಲಿ ಸಂಸಾರ ಮಾಡಬೇಕು. ಒಂದು ಮಿಲಿಆಂಪಿಯರ್‌ನ ಸಾವಿರದ ಒಂದು ಭಾಗವೇ ಮೈಕ್ರೊಆಂಪಿಯರ್. ನಿಮ್ಮ ಕೀ ಎರಡು ತಿಂಗಳಿಗೆ ಸೆಲ್ ಮುಗಿಸುತ್ತಿದ್ದರೆ ಅದು ಸರಾಸರಿ 150 ಮೈಕ್ರೊಆಂಪಿಯರ್ ಎಳೆಯುತ್ತಿದೆ ಎಂದಾಯಿತು. ಒಂದು ಎಲ್‌ಇಡಿಯನ್ನು ಚೆನ್ನಾಗಿ ಬೆಳಗಿಸಲೂ ಸಾಲದಷ್ಟು ಕರೆಂಟು ಅದು. ಆದರೆ ಹಗಲೂ ರಾತ್ರಿ ಹರಿಯುತ್ತಿರುತ್ತದೆ. ಹಾಗಾಗಿ ನಾವು ಹುಡುಕಬೇಕಾದದ್ದು ಕಣ್ಣಿಗೆ ಬೀಳುವಂಥ ದೊಡ್ಡ ಕೆಡುಕನ್ನಲ್ಲ, ನಿಲ್ಲದೆ ನಡೆಯುತ್ತಿರುವ ಒಂದು ಸಣ್ಣ ಸೋರಿಕೆಯನ್ನು.

ಮೈಸೂರಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಕಾರು ಒಂದು, ಸ್ಮಾರ್ಟ್ ಕೀ ಎರಡು. ಭಾವನ ಕೀ ವರ್ಷ ದಾಟಿದರೂ ನಡೆಯುತ್ತಿತ್ತು. ಅಕ್ಕನ ಕೀಗೆ ಎರಡು ಮೂರು ತಿಂಗಳಿಗೆ ಸೆಲ್ ಬೇಕಾಗುತ್ತಿತ್ತು. ‘ನೀನು ಸುಮ್‌ಸುಮ್ನೆ ಬಟನ್ ಒತ್ತೀಯ’ ಎಂದು ಭಾವನ ತೀರ್ಮಾನ. ಅಕ್ಕ ಬಿಡುವವಳಲ್ಲ: ‘ರೀ, ನೀವು ದಿನಾ ಕಾರ್ ತೆಗೀತೀರಿ. ನಾನು ತೆಗೆಯೋದು ವಾರಕ್ಕೊಂದ್ಸಲ ದೇವರಾಜ ಮಾರ್ಕೆಟ್ಟಿಗೆ ಹೋಗೋಕೆ. ಒತ್ತೋದು ಯಾರು ಜಾಸ್ತಿ?’ ಅಕ್ಕನ ವಾದದಲ್ಲೇ ಅರ್ಧ ಉತ್ತರವಿತ್ತು. ಕಡಿಮೆ ಬಳಸುವ ಕೀಯ ಸೆಲ್ ಮೊದಲು ಮುಗಿಯುತ್ತಿದ್ದರೆ, ಅದು ಬಳಸುವಾಗ ಅಲ್ಲ, ಸುಮ್ಮನೆ ತೂಗಿಹಾಕಿದ್ದಾಗ ಮುಗಿಯುತ್ತಿದೆ.

ಆ ಕೀ ಎಲ್ಲಿ ತೂಗುತ್ತಿತ್ತು? ಮುಂಬಾಗಿಲ ಒಳಗೆ, ಚಪ್ಪಲಿ ಸ್ಟ್ಯಾಂಡಿನ ಮೇಲಿನ ಮೊಳೆಯಲ್ಲಿ. ಆ ಗೋಡೆಯ ಆಚೆಗೇ ಪೋರ್ಟಿಕೊ. ಪೋರ್ಟಿಕೊದಲ್ಲಿ ಗೋಡೆಗೆ ಒರಗಿದಂತೆ ಕಾರು. ಭಾವನ ಕೀ ಮಾತ್ರ ಅಂಗಿಯ ಜೇಬಿನಲ್ಲೇ ಮಹಡಿ ಹತ್ತಿ ಮಲಗುವ ಕೋಣೆಗೆ ಹೋಗುತ್ತಿತ್ತು. ಎರಡೂ ಕೀಗಳಿಗೆ ಒಂದೇ ಅಂಗಡಿಯ, ಒಂದೇ ಕಂಪನಿಯ ಹೊಸ ಸೆಲ್ ಹಾಕಿ ಜಾಗ ಮಾತ್ರ ಅದಲು ಬದಲು ಮಾಡಿದರು. ಅಕ್ಕನ ಕೀ ಮಹಡಿಗೆ, ಭಾವನದು ಮೊಳೆಗೆ. ಈ ಸಲ ಮೊದಲು ಮುಗಿದದ್ದು ಭಾವನ ಕೀಯ ಸೆಲ್.

ಇದರ ಹಿಂದಿನ ಕಾರಣ ರೇಡಿಯೊಕ್ಕೂ ಹತ್ತಿರದ್ದು. ಆಕಾಶವಾಣಿ ಬೆಂಗಳೂರನ್ನು ನೀವು ಮೀಡಿಯಂ ವೇವ್‌ನಲ್ಲಿ ಕೇಳುವುದು 612 ಕಿಲೋಹರ್ಟ್ಸ್‌ನಲ್ಲಿ. ಸ್ಮಾರ್ಟ್ ಕೀಯನ್ನು ಕಾರು ಕರೆಯುವುದು ಅದಕ್ಕಿಂತ ಬಹಳ ಕೆಳಗೆ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಬಾಗಿಲ ಹಿಡಿಯ ಹತ್ತಿರ ಮತ್ತು ಕಾರಿನ ಒಳಗೆ ಇರುವ ಸಣ್ಣ ಆಂಟೆನಾಗಳು ಈ ಕರೆ ಕಳಿಸುತ್ತವೆ. ಅದು ಒಂದೆರಡು ಮೀಟರಿನಾಚೆ ಕೇಳಿಸುವುದಿಲ್ಲ. ಆದರೆ ಇಟ್ಟಿಗೆ ಗೋಡೆ ಅದಕ್ಕೆ ಅಡ್ಡಿಯೇ ಅಲ್ಲ. ಕರೆ ಕೇಳಿದ ಕೀ ಎಚ್ಚೆತ್ತು ತನ್ನ ಗುರುತನ್ನು ಎಫ್‌ಎಂಗಿಂತಲೂ ಬಹಳ ಮೇಲಿನ ತರಂಗದಲ್ಲಿ ಕಳಿಸುತ್ತದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ. ಅಮೆರಿಕದಲ್ಲಿ ಮತ್ತು ಜಪಾನಿನಲ್ಲಿ 315 ಹೆಚ್ಚು ಬಳಕೆಯಲ್ಲಿದೆ. ಕೇಳುತ್ತಾ ಕೂರಲು ಕೀಗೆ ಕೆಲವೇ ಮೈಕ್ರೊಆಂಪಿಯರ್ ಸಾಕು. ಎದ್ದು ಉತ್ತರ ಕೊಡಲು ಹತ್ತು ಮಿಲಿಆಂಪಿಯರ್ ಆಸುಪಾಸು ಬೇಕು, ಅಂದರೆ ಸಾವಿರಾರು ಪಟ್ಟು ಹೆಚ್ಚು. ಅಪಾರ್ಟ್‌ಮೆಂಟಿನ ಕಾವಲುಗಾರ ಕುರ್ಚಿಯಲ್ಲೇ ಜೋಂಪು ಹತ್ತಿ ಕೂತಿರುತ್ತಾನಲ್ಲ, ಹಾಗೆ ಈ ಕೀ. ಗೇಟಿನ ಹತ್ತಿರ ನಾಯಿ ಸುಳಿದರೂ ಎದ್ದು ಟಾರ್ಚ್ ಹಾಕುತ್ತಿದ್ದರೆ ಬೆಳಗಾಗುವಷ್ಟರಲ್ಲಿ ಟಾರ್ಚಿನ ಸೆಲ್ಲೂ ಇಲ್ಲ, ಕಾವಲುಗಾರನ ತ್ರಾಣವೂ ಇಲ್ಲ.

ಕೆಲವು ಕಾರುಗಳು ಬಾಗಿಲ ಹಿಡಿ ಮುಟ್ಟಿದಾಗ ಮಾತ್ರ ಕರೆಯುತ್ತವೆ. ಇನ್ನು ಕೆಲವು, ಅದರಲ್ಲೂ ಒಡೆಯ ಹತ್ತಿರ ಬಂದೊಡನೆ ದೀಪ ಹಚ್ಚಿ ಸ್ವಾಗತಿಸುವ ಕಾರುಗಳು, ನಿಂತಲ್ಲೇ ಆಗಾಗ ಕರೆಯುತ್ತಿರುತ್ತವೆ. ಅಂಥ ಕಾರಿನ ಪಕ್ಕದ ಗೋಡೆಯಲ್ಲಿ ಕೀ ತೂಗಿಹಾಕಿದರೆ ಎರಡಕ್ಕೂ ನಿದ್ದೆಯಿಲ್ಲ. ಕಾರಿನ ದೊಡ್ಡ ಬ್ಯಾಟರಿಯೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ನಮ್ಮಲ್ಲಿ 30-40 ಅಡಿ ಸೈಟಿನ ಮನೆಗಳು ಬಹಳ. ಕಾರು ನಿಲ್ಲಿಸುವ ಜಾಗಕ್ಕೂ ಮುಂಬಾಗಿಲಿನ ಕೀ ಸ್ಟ್ಯಾಂಡಿಗೂ ಅನೇಕ ಕಡೆ ಒಂದು ಗೋಡೆಯಷ್ಟೇ ಅಂತರ. ಅಂಥ ಮನೆಯಲ್ಲಿ ಸೆಲ್ ಬೇಗ ಮುಗಿಯುತ್ತಿದ್ದರೆ ಮೊದಲು ಸ್ಟ್ಯಾಂಡನ್ನು ಹಿಂದಿನ ಕೋಣೆಗೆ ಸಾಗಿಸಿ ನೋಡಿ.

ಕಾರು ದೂರವಿದ್ದರೂ ಸೆಲ್ ಮುಗಿಯುತ್ತಿದೆಯೇ? ಆಗ ಕೀಯ ಅಕ್ಕಪಕ್ಕ ಏನಿದೆ ನೋಡಿ. ಮೊಬೈಲ್ ಚಾರ್ಜರ್, ಟಿವಿ, ಕಂಪ್ಯೂಟರ್, ಟೇಬಲ್ ಲ್ಯಾಂಪ್, ಇಂಡಕ್ಷನ್ ಒಲೆ: ಇವುಗಳಿಂದ ಒಂದು ಮೀಟರಾದರೂ ದೂರ ಇಡಿ ಎಂದು ಟೊಯೊಟಾ ಕಾರುಗಳ ಕೈಪಿಡಿಯಲ್ಲೇ ಬರೆದಿದೆ. ಚಾರ್ಜರ್‌ಗಳ ಒಳಗಿನ ಸರ್ಕಿಟ್ ಸೆಕೆಂಡಿಗೆ ಹತ್ತಾರು ಸಾವಿರ ಸಲ, ಕೆಲವೊಮ್ಮೆ ಲಕ್ಷಕ್ಕೂ ಮೀರಿ, ಆನ್ ಆಗಿ ಆಫ್ ಆಗುತ್ತಿರುತ್ತದೆ. ಅದರಿಂದ ಹೊರಡುವ ಗದ್ದಲ ಕೀ ಕಿವಿಗೊಡುವ ತರಂಗದ ಹತ್ತಿರಕ್ಕೇ ಬರುತ್ತದೆ. ಇದು ಕಾರಿನ ಕರೆಯೋ ಅಲ್ಲವೋ ಎಂದು ಪರೀಕ್ಷಿಸಲು ಕೀ ಪದೇ ಪದೇ ಏಳಬೇಕಾಗುತ್ತದೆ.

ಈ ಗದ್ದಲವನ್ನು ನೀವೇ ಕಿವಿಯಾರೆ ಕೇಳಬಹುದು. ಮೀಡಿಯಂ ವೇವ್ ಬರುವ ಒಂದು ಸಣ್ಣ ಟ್ರಾನ್ಸಿಸ್ಟರ್ ರೇಡಿಯೊ ತೆಗೆದುಕೊಳ್ಳಿ. ಯಾವ ನಿಲಯವೂ ಇಲ್ಲದ ಜಾಗಕ್ಕೆ ಮುಳ್ಳನ್ನು ತಿರುಗಿಸಿ, ಬರಿಯ ‘ಸುಂಯ್’ ಎಂಬ ಸದ್ದಿರಲಿ. ಈಗ ಅದನ್ನು ಕೀ ಸ್ಟ್ಯಾಂಡಿನ ಹತ್ತಿರ ಒಯ್ಯಿರಿ. ಚಾರ್ಜರ್ ಹಾಕಿದಾಗ, ಸೆಟ್ ಟಾಪ್ ಬಾಕ್ಸಿನ ಅಡಾಪ್ಟರ್ ಹತ್ತಿರ, ಕಡಿಮೆ ಬೆಲೆಯ ಎಲ್‌ಇಡಿ ಬಲ್ಬಿನ ಕೆಳಗೆ, ಇಂಡಕ್ಷನ್ ಒಲೆ ಹಚ್ಚಿದಾಗ ‘ಗುರ್ರ್’ ಎಂಬ ಸದ್ದು ಏರುವುದು ಸ್ಪಷ್ಟವಾಗಿ ಕೇಳಿಸುತ್ತದೆ. ರೇಡಿಯೊ ಕೇಳುತ್ತಿರುವುದು ಕೀ ಕೇಳುವ ತರಂಗವನ್ನೇ ಅಲ್ಲ. ಆದರೆ ಎರಡಕ್ಕೂ ಗದ್ದಲದ ಮೂಲ ಒಂದೇ. ರೇಡಿಯೊ ಗುರುಗುಟ್ಟುವ ಜಾಗದಲ್ಲಿ ಕೀ ಇಡಬೇಡಿ.

ಮನೆ ಚಿಕ್ಕದು, ಬೇರೆ ಜಾಗವೇ ಇಲ್ಲ ಅನ್ನುವವರು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕೀ ಇಟ್ಟು ನೋಡಬಹುದು. ಡಬ್ಬಿ ಕೆಲಸ ಮಾಡುತ್ತದೆಯೇ ಎಂದು ತಿಳಿಯುವುದು ಸುಲಭ: ಕೀ ಡಬ್ಬಿಯೊಳಗಿರಲಿ, ಡಬ್ಬಿ ಕೈಯಲ್ಲಿರಲಿ, ಕಾರಿನ ಬಾಗಿಲ ಹಿಡಿ ಎಳೆಯಿರಿ. ಬಾಗಿಲು ತೆರೆದರೆ ಆ ಡಬ್ಬಿ ಪ್ರಯೋಜನವಿಲ್ಲ, ತೆರೆಯದಿದ್ದರೆ ಆದೀತು. ಬಳಸದೆ ಇಟ್ಟ ಎರಡನೇ ಕೀಗೂ ಇದೇ ಮಾತು. ಬಳಸದಿದ್ದರೂ ಅದು ಕಿವಿಗೊಟ್ಟೇ ಇರುತ್ತದೆ. ಒಳಕೋಣೆಯ ಕಬ್ಬಿಣದ ಬೀರುವಿನಲ್ಲಿಡಿ. ಟೊಯೊಟಾದ ಅನೇಕ ಸ್ಮಾರ್ಟ್ ಕೀಗಳಿಗೆ ನಿದ್ದೆ ಬರಿಸುವ ಉಪಾಯವೂ ಇದೆ: ಲಾಕ್ ಗುಂಡಿಯನ್ನು ಒತ್ತಿಹಿಡಿದು, ಅನ್‌ಲಾಕ್ ಗುಂಡಿಯನ್ನು ಎರಡು ಸಲ ಒತ್ತಿದರೆ ದೀಪ ನಾಲ್ಕು ಸಲ ಮಿನುಗಿ ಕೀ ಕೇಳುವುದನ್ನು ನಿಲ್ಲಿಸುತ್ತದೆ. ಮತ್ತೆ ಯಾವುದಾದರೂ ಗುಂಡಿ ಒತ್ತಿದರೆ ಏಳುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಇಂಥದ್ದೇನಾದರೂ ಇದೆಯೇ ಎಂದು ಹುಡುಕಿ ನೋಡಿ. ಈಚೆಗಿನ ಕೆಲವು ಕೀಗಳಲ್ಲಿ ಅಲುಗಾಟ ತಿಳಿಯುವ ಸೆನ್ಸರ್ ಇರುತ್ತದೆ. ಸ್ವಲ್ಪ ಹೊತ್ತು ಅಲುಗಾಡದೆ ಬಿದ್ದಿದ್ದರೆ ಅವು ತಾವಾಗಿಯೇ ಮಲಗುತ್ತವೆ.

ಜಾಗ ಬದಲಿಸಿದರೂ ಅದೇ ಕೀಯ ಸೆಲ್ ಮುಗಿಯುತ್ತಿದ್ದರೆ ಕೀಯೊಳಗೆ ನೋಡಬೇಕು. ಗುಂಡಿ ಒತ್ತುವ ಹಳೆಯ ರಿಮೋಟ್ ಆದರೆ ನೇರವಾಗಿ ಇಲ್ಲಿಂದಲೇ ಶುರುಮಾಡಿ. ಅದು ಏನನ್ನೂ ಕೇಳುತ್ತಾ ಕೂರುವುದಿಲ್ಲ, ಹಾಗಾಗಿ ಜಾಗದ ದೋಷ ಅದಕ್ಕಿಲ್ಲ.

ಮೊದಲ ಅನುಮಾನ ಗುಂಡಿಯ ಮೇಲೆ. ಚೆಂದಕ್ಕೆಂದು ಹಾಕಿಸಿದ ಬಿಗಿಯಾದ ಸಿಲಿಕೋನ್ ಕವರ್ ಗುಂಡಿಯನ್ನು ಸದಾ ಅದುಮಿಕೊಂಡಿರಬಹುದು. ಕೀಯ ಹೊರಕವಚ ಒಡೆದಾಗ ಬೇರೆ ಕವಚ ಹಾಕಿಸುತ್ತೇವಲ್ಲ, ಅದರ ರಬ್ಬರ್ ಒಂದು ಕೂದಲೆಳೆ ದಪ್ಪವಿದ್ದರೂ ಸಾಕು, ಮುಚ್ಚಳ ಒತ್ತಿದೊಡನೆ ಒಳಗಿನ ಸ್ವಿಚ್ಚೂ ಅರೆಬರೆ ಒತ್ತಿಕೊಂಡಿರುತ್ತದೆ. ಜೀನ್ಸ್ ಜೇಬಿನಲ್ಲಿ ಚಿಲ್ಲರೆಯ ಜೊತೆ ತುರುಕಿದ ಕೀಯ ಗತಿಯೂ ಅದೇ. ಹತ್ತು ಮಿಲಿಆಂಪಿಯರ್ ಎಳೆಯುತ್ತಾ ನಿಂತ ಕೀ 220 ಮಿಲಿಆಂಪಿಯರ್-ಅವರ್‌ನ ಸೆಲ್ಲನ್ನು ಒಂದು ದಿನ ತುಂಬುವ ಮೊದಲೇ ಮುಗಿಸಬಲ್ಲದು. ಪ್ರತಿ ಗುಂಡಿಯನ್ನೂ ಒತ್ತಿ ‘ಟಿಕ್’ ಎಂದು ಹೋಗಿ ‘ಟಿಕ್’ ಎಂದು ವಾಪಸ್ಸು ಬರುತ್ತದೆಯೇ ಎಂದು ಬೆರಳಿನಿಂದಲೇ ತಿಳಿಯಬಹುದು.

ಎರಡನೇ ಅನುಮಾನ ತೇವದ ಮೇಲೆ. ಮಂಗಳೂರಿನ ಒಬ್ಬ ಗೆಳೆಯರ ರಿಮೋಟ್ ತೆರೆದಾಗ ನೋಡಿದ್ದು ಹೇಳುತ್ತೇನೆ. ಮೇಲ್ನೋಟಕ್ಕೆ ಬೋರ್ಡು ಹಸಿರಾಗಿ ಹೊಳೆಯುತ್ತಿತ್ತು. ಭೂತಗನ್ನಡಿ ಹಿಡಿದರೆ ಅನ್‌ಲಾಕ್ ಸ್ವಿಚ್ಚಿನ ನಾಲ್ಕು ಕಾಲುಗಳ ಪೈಕಿ ಎರಡರ ನಡುವೆ ಬಿಳಿ ಹಸಿರು ಮಿಶ್ರಿತ ಸಣ್ಣ ಹಿಟ್ಟು ಕಟ್ಟಿಕೊಂಡಿತ್ತು. ಸೆಲ್ ಹಿಡಿಯುವ ತಗಡಿನ ಬುಡದಲ್ಲೂ ಅದರ ಎಳೆ. ಮಳೆಗಾಲ, ಸಮುದ್ರದ ಉಪ್ಪುಗಾಳಿ, ಜೇಬಿನ ಬೆವರು ಎಲ್ಲ ಸೇರಿ ಮಾಡಿದ ಕೆಲಸ. ಈಗ ಹಿಂದಿನ ಲೆಕ್ಕಕ್ಕೆ ಬನ್ನಿ. ಇಂಥ ಕೊಳೆಯ ತಡೆ ಇಪ್ಪತ್ತು ಸಾವಿರ ಓಮ್ ಇದೆಯೆಂದು ಇಟ್ಟುಕೊಳ್ಳಿ. ಮೂರು ವೋಲ್ಟನ್ನು ಇಪ್ಪತ್ತು ಸಾವಿರದಿಂದ ಭಾಗಿಸಿದರೆ 150 ಮೈಕ್ರೊಆಂಪಿಯರ್. ಎರಡು ತಿಂಗಳಿಗೆ ಸೆಲ್ ಮುಗಿಸುವ ಸೋರಿಕೆ ಅಷ್ಟೇ! ಐಸೊಪ್ರೊಪೈಲ್ ಆಲ್ಕೊಹಾಲನ್ನು ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿಗೆ ಅದ್ದಿ ನಯವಾಗಿ ತಿಕ್ಕಿ, ಚೆನ್ನಾಗಿ ಒಣಗಲು ಬಿಟ್ಟರು. ರಬ್ಬರ್ ಪ್ಯಾಡನ್ನು ಮಾತ್ರ ಬೇರೆಯಾಗಿ ಸೋಪುನೀರಿನಲ್ಲಿ ತೊಳೆದರು. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಈ ದ್ರಾವಣ ಸಿಗುತ್ತದೆ, ಅಲ್ಲಿ ಐಪಿಎ ಅಂದರೂ ಗೊತ್ತಾಗುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಿಸಬೇಡಿ.

ಮೂರನೆಯದು ಸೋರಿಕೆಯೇ ಅಲ್ಲದ ಸೋರಿಕೆ. ಸತ್ತಿತೆಂದು ತೆಗೆದ ಸೆಲ್ಲನ್ನೇ ಒರೆಸಿ ವಾಪಸ್ಸು ಹಾಕಿ ನೋಡಿ. ಕೀ ಮತ್ತೆ ವಾರಗಟ್ಟಲೆ ಕೆಲಸ ಮಾಡಿದರೆ ಸೆಲ್ ಮುಗಿದೇ ಇರಲಿಲ್ಲ, ಸಂಪರ್ಕ ತಪ್ಪಿತ್ತು. ತಗಡಿನ ಕಚ್ಚು ಬಿಗಿ ಕಳೆದುಕೊಂಡಿರಬಹುದು, ಕೀ ಕೆಳಗೆ ಬಿದ್ದು ಬೆಸುಗೆ ಬಿರುಕು ಬಿಟ್ಟಿರಬಹುದು. ಮಕ್ಕಳು ನುಂಗದಿರಲೆಂದು ಕೆಲವು ಕಂಪನಿಗಳು ಸೆಲ್ಲಿಗೆ ಕಹಿ ಲೇಪ ಹಚ್ಚುತ್ತವೆ. ಆ ಲೇಪವೇ ಕೆಲವು ಉಪಕರಣಗಳಲ್ಲಿ ಸಂಪರ್ಕಕ್ಕೆ ಅಡ್ಡ ಬರುವುದುಂಟು. ಆ್ಯಪಲ್ ಕಂಪನಿ ತನ್ನ ಏರ್‌ಟ್ಯಾಗ್ ವಿಷಯದಲ್ಲಿ ಈ ಎಚ್ಚರಿಕೆಯನ್ನೇ ಕೊಟ್ಟಿದೆ. ಸೆಲ್ ಹಾಕುವಾಗ ಲೋಹದ ಚಿಮಟ ಬಳಸಬೇಡಿ. ಅದು ಎರಡೂ ಬದಿಗೆ ತಾಗಿದರೆ ಹೊಸ ಸೆಲ್ ಅಲ್ಲೇ ಶಾರ್ಟ್ ಆಗುತ್ತದೆ.

ಇನ್ನು ಮೀಟರ್ ಹಿಡಿಯಬಲ್ಲವರಿಗೆ ಎರಡು ಮಾತು. ಲಿಥಿಯಂ ಸೆಲ್‌ನ ಸ್ವಭಾವವೇ ಹಾಗೆ: ಹೊಸದರಲ್ಲಿ 3.2 ವೋಲ್ಟ್ ತೋರಿಸುತ್ತದೆ, ಆಮೇಲೆ ಬಹುಕಾಲ ಮೂರರ ಸುತ್ತ ನಿಂತು, ಕೊನೆಯಲ್ಲಿ ತಟಕ್ಕನೆ ಕುಸಿಯುತ್ತದೆ. ಬರಿಯ ಮೀಟರ್ ಇಟ್ಟು 2.9 ಬಂತೆಂದು ನಂಬಬೇಡಿ. ಒಂದು ಕಿಲೋಓಮ್ ರೆಸಿಸ್ಟರ್ ಅಡ್ಡ ಹಿಡಿದು ಕೆಲವು ಸೆಕೆಂಡು ನೋಡಿ. ಎರಡೂವರೆಯತ್ತ ಜಾರಿದರೆ ಅದು ಮುಗಿದ ಸೆಲ್. ಅಂಗಡಿಯಿಂದ ತಂದ ಹೊಸ ಸೆಲ್ಲೇ ಹೀಗೆ ಜಾರಿದರೆ ನಕಲಿಯೋ ಹಳೆಯದೋ ಇರಬೇಕು. ಸೀಲ್ ಇರುವ ಪ್ಯಾಕೆಟ್ಟಿನಲ್ಲಿ, ತಾರೀಕು ನೋಡಿ ಕೊಳ್ಳಿ. ಎರಡನೇ ಮಾತು ಕರೆಂಟಿನದು. ಸೆಲ್ಲಿನ ಮೈನಸ್ ಬದಿಗೂ ತಗಡಿಗೂ ನಡುವೆ ತೆಳು ಪ್ಲಾಸ್ಟಿಕ್ ಚೂರು ಸೇರಿಸಿ, ಮೀಟರಿನ ಒಂದು ಕಡ್ಡಿಯನ್ನು ಸೆಲ್ಲಿಗೂ ಇನ್ನೊಂದನ್ನು ತಗಡಿಗೂ ತಾಗಿಸಿ. ಮೀಟರ್ ಮೊದಲು ಮಿಲಿಆಂಪಿಯರ್ ರೇಂಜಿನಲ್ಲಿರಲಿ, ಕೀ ಸುಮ್ಮನಾದ ಮೇಲೆ ಮೈಕ್ರೊಆಂಪಿಯರ್ ರೇಂಜಿನಲ್ಲಿ. ಯಾವ ಗುಂಡಿಯನ್ನೂ ಒತ್ತದೆ ಒಂದು ನಿಮಿಷ ಬಿಟ್ಟು ನೋಡಿದಾಗ ನೂರು, ನೂರೈವತ್ತು ಕಂಡರೆ ದೋಷ ಬೋರ್ಡಿನಲ್ಲಿದೆ. ಐದಾರು ಕಂಡು, ಅದನ್ನೇ ಕೀ ಸ್ಟ್ಯಾಂಡಿನ ಹತ್ತಿರ ಒಯ್ದಾಗ ಅಂಕಿ ಜಿಗಿಯತೊಡಗಿದರೆ ದೋಷ ಜಾಗದಲ್ಲಿದೆ.

ಅಕಸ್ಮಾತ್ ದಾರಿಯಲ್ಲೇ ಸೆಲ್ ಕೈಕೊಟ್ಟರೆ ಗಾಬರಿ ಬೇಡ. ಬಹುತೇಕ ಸ್ಮಾರ್ಟ್ ಕೀಗಳ ಹೊಟ್ಟೆಯಲ್ಲಿ ಒಂದು ಲೋಹದ ಕೀ ಅಡಗಿರುತ್ತದೆ, ಅದರಿಂದ ಬಾಗಿಲು ತೆಗೆಯಬಹುದು. ಸತ್ತ ಕೀಯನ್ನೇ ಸ್ಟಾರ್ಟ್ ಬಟನ್ನಿಗೆ, ಇಲ್ಲವೇ ಕೈಪಿಡಿಯಲ್ಲಿ ಹೇಳಿದ ಜಾಗಕ್ಕೆ ತಾಗಿಸಿ ಹಿಡಿದು ಬಟನ್ ಒತ್ತಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ. ಕೀಯಲ್ಲಿರುವ ಗುರುತಿನ ಚಿಪ್ಪಿಗೆ ಸೆಲ್ಲೇ ಬೇಡ. ಬೇಕಾದಷ್ಟು ಶಕ್ತಿಯನ್ನು ಕಾರೇ ಅಷ್ಟು ಹತ್ತಿರದಿಂದ ಅದಕ್ಕೆ ಕೊಡುತ್ತದೆ.

ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಕೀ ನಡೆಸಲಾರದ ಸೆಲ್‌ನಲ್ಲೂ ಮಗುವಿನ ಅನ್ನನಾಳ ಸುಡುವಷ್ಟು ಕರೆಂಟು ಉಳಿದಿರುತ್ತದೆ, ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲೇ ತೀವ್ರ ಗಾಯ ಮಾಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ, 108ಕ್ಕೆ ಫೋನ್ ಮಾಡಿ. ಹಳೆಯ ಸೆಲ್ಲಿನ ಎರಡೂ ಬದಿಗೆ ಅಂಟುಪಟ್ಟಿ ಸುತ್ತಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಇಷ್ಟೆಲ್ಲ ನೋಡಿದ ಮೇಲೂ ಸರಿಹೋಗದಿದ್ದರೆ ಸರ್ವೀಸ್ ಸೆಂಟರಿಗೆ ಹೋಗಲೇಬೇಕು. ಆದರೆ ‘ಕೀ ಕೆಲಸ ಮಾಡ್ತಿಲ್ಲ’ ಎಂದಷ್ಟೇ ಹೇಳಬೇಡಿ. ಹಾಗೆ ಹೇಳಿದರೆ ಇನ್ನೊಂದು ಸೆಲ್ ಹಾಕಿ ಕಳಿಸುತ್ತಾರೆ, ಇಲ್ಲವೇ ಹೊಸ ಕೀಯ ಅಂದಾಜು ಪಟ್ಟಿ ಕೈಗಿಡುತ್ತಾರೆ. ಎರಡೂ ಕೀಗಳನ್ನು ಒಯ್ಯಿರಿ. ಸೆಲ್ ಹಾಕಿದ ತಾರೀಕು ಇದು, ಮುಗಿದ ತಾರೀಕು ಇದು, ಜಾಗ ಬದಲಿಸಿ ನೋಡಿದ್ದೇವೆ, ಎಲ್ಲಿಟ್ಟರೂ ಮುಗಿಯುವುದು ಇದೇ ಕೀಯದು, ಪಕ್ಕದಲ್ಲೇ ಇಟ್ಟ ಇನ್ನೊಂದಕ್ಕೆ ಏನೂ ಆಗಿಲ್ಲ ಎಂದು ಹೇಳಿ. ಅಷ್ಟು ಹೇಳಿದರೆ ಎದುರಿಗಿರುವವರು ಬೋರ್ಡನ್ನು ನೋಡದೆ ವಿಧಿಯಿಲ್ಲ. ಹೊಸ ಕೀ ಕೊಳ್ಳಲೇಬೇಕಾಗಿ ಬಂದರೂ ಅಷ್ಟು ಹಣ ಯಾಕೆ ಕೊಡುತ್ತಿದ್ದೀರಿ ಎಂಬುದು ನಿಮಗೆ ಗೊತ್ತಿರುತ್ತದೆ.